ತಿನ್ನಂಗಿಲ್ರಿ, ಹಚ್ಚತೀನ್ರಿ

ಆ ಗುರುವಾರ ಏನೇನು ತಪ್ಪಬಹುದು ಎಂಬುದರ ಪಟ್ಟಿ ಒಂದು ವಾರ ಮೊದಲೇ ನನ್ನ ತಲೆಯಲ್ಲಿ ತಯಾರಾಗಿತ್ತು. ಅಕ್ಕನ ಊರಿಗೆ ಬರುವ ಬೆಳಗಿನ ಎಸ್‌ಟಿ ಬಸ್ಸು ಬರದೇ ಹೋಗಬಹುದು. ಬಂದರೆ ಚಪಳಗಾಂವ ದಾಟಿದ ಮೇಲೆ ಪಂಕ್ಚರ್ ಆಗಬಹುದು. ಆಗದಿದ್ದರೆ ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ, ಗುರುವಾರದ ದರ್ಶನ ಮುಗಿಸಿ ಹೊರಟ ಭಕ್ತರ ನಡುವೆ ನುಗ್ಗಿ ಸೋಲಾಪುರದ ಬಸ್ಸು ಹತ್ತಲು ಆಗದೇ ಹೋಗಬಹುದು. ಎಮ್ಮೆ ಇವತ್ತೋ ನಾಳೆಯೋ ಈಯುವ ಹಾಗಿದೆ, ಬಿಟ್ಟು ಹೇಗೆ ಬರಲಿ ಎಂದು ಹೊರಡುವ ಹೊತ್ತಿಗೆ ಅಕ್ಕ ತಕರಾರು ತೆಗೆಯಬಹುದು. ಬರಿಹೊಟ್ಟೆಯಲ್ಲಿ ಅವಳಿಗೆ ತಲೆ ಸುತ್ತಬಹುದು. ನನಗೂ ಸುತ್ತಬಹುದು. ಇಬ್ಬರೂ ಒಮ್ಮೆಲೇ ಬಿದ್ದರೆ ಎತ್ತುವವರು ಯಾರು? ದಾಜಿ, ಅಂದರೆ ಅಕ್ಕನ ಗಂಡ, ನಾನೂ ಬರುತ್ತೇನೆ ಎನ್ನಬಹುದು. ಕಿವಿ ಮಂದವಾದ ಅವರು ಇಡೀ ಬಸ್ಸಿಗೆ ಕೇಳುವ ಹಾಗೆ 'ಅದ ಬಂದದೇನೋ ಇಕಿಗಿ?' ಎಂದು ವಿಚಾರಿಸಬಹುದು. ಡಾಕ್ಟರು ರಜೆಯ ಮೇಲೆ ಹೋಗಿರಬಹುದು. ಡಾಕ್ಟರಿದ್ದರೆ ರಿಪೋರ್ಟು ಬಂದಿರಲಿಕ್ಕಿಲ್ಲ. ಬಂದಿದ್ದರೆ ಅದು ಬೇರೆ ಯಾರದೋ ಇರಬಹುದು. ಅಕ್ಕನ ಹೆಸರಿನವರು ಅವಳ ಓಣಿಯಲ್ಲೇ ಮೂವರಿದ್ದಾರೆ. ರೇಶನ್ ಕಾರ್ಡಿನ ಹೆಸರಿಗೂ ಆಧಾರ ಕಾರ್ಡಿನ ಹೆಸರಿಗೂ ತಾಳೆಯಾಗದೆ ಕೌಂಟರಿನವರು ನಮ್ಮನ್ನು ತಿರುಗಿ ಕಳಿಸಬಹುದು. ವರಾಂಡದಲ್ಲಿ ಯಾರಾದರೂ ನನ್ನ ಗುರುತು ಹಿಡಿದು, 'ಏನ್ ಸಾಹೇಬ್ರ, ಇವತ್ತ ಎಷ್ಟ ಸಿಕ್ಕವು?' ಎಂದು ಹಲ್ಲು ಕಿರಿಯಬಹುದು. ಡಾಕ್ಟರು ಅಕ್ಕನ ಎದುರಿಗೇ ಆ ಹೆಸರು ಹೇಳಿಬಿಡಬಹುದು. ಅವರು ಹೇಳದಿದ್ದರೆ ನನ್ನ ಮುಖವೇ ಹೇಳಿಬಿಡಬಹುದು.

ಈ ಕೊನೆಯ ಎರಡು ಮಾತ್ರ ನಿಜವಾದ ಭಯ. ಉಳಿದವು ನನ್ನ ಚಟ. ಕೆಲವರಿಗೆ ಎಲೆಯಡಿಕೆ ಇರುವ ಹಾಗೆ ನನಗೆ ಚಿಂತೆ. ಹೆಂಡತಿ ಎಷ್ಟೋ ಸಲ ಹೇಳಿದ್ದಾಳೆ: "ಊರ ಮಂದೀದೆಲ್ಲಾ ಬರಕೋತ ತಿರಗತೀರಿ, ಮದಲ ನಿಮ್ಮ ತಲೀದೊಂದು ಸ್ಕ್ಯಾನ್ ಮಾಡಸ್ರಿ."

ಬರೆಯುವುದು ಅಂದರೆ ಇದು. ನಮ್ಮ ಭಾಗದಲ್ಲಿ ಯಾವ ಕ್ಯಾನ್ಸರ್ ಎಷ್ಟು ಜನರಿಗೆ ಬರುತ್ತದೆ ಎಂದು ವರ್ಷವರ್ಷ ಲೆಕ್ಕ ಇಡುವ ಒಂದು ಕಚೇರಿಯಲ್ಲಿ ನಾನು ಊರೂರು ತಿರುಗುವ ಮನುಷ್ಯ. ದವಾಖಾನೆಗಳ ರಿಜಿಸ್ಟರ್ ನೋಡುವುದು, ತಪಾಸಣೆಯ ಪ್ರಯೋಗಾಲಯಗಳಲ್ಲಿ ಕೂತು ಹೆಸರು ಇಳಿಸಿಕೊಳ್ಳುವುದು, ಗ್ರಾಮ ಪಂಚಾಯತಿಯ ಸಾವಿನ ಪುಸ್ತಕ ತಿರುವುವುದು, ಆಮೇಲೆ ಮನೆ ಹುಡುಕಿಕೊಂಡು ಹೋಗಿ ಕೇಳುವುದು. ಸಾವಿನ ಪುಸ್ತಕದಲ್ಲಿ ಸತ್ಯ ಸಿಗುವುದು ಅಪರೂಪ. ಒಂದು ಊರಿನಲ್ಲಿ ನಲವತ್ತೆರಡು ವರ್ಷದ ಹೆಂಗಸಿನ ಹೆಸರಿನ ಮುಂದೆ ಕಾರಣದ ಜಾಗದಲ್ಲಿ ಮರಾಠಿಯಲ್ಲಿ 'ಮ್ಹಾತಾರಪಣ' ಎಂದು ಬರೆದಿತ್ತು. ಮುಪ್ಪು. ಹಾಗೆ ಬರೆಸಿದ ಗಂಡನ ಮನೆ ಹುಡುಕಿ ಹೋದರೆ ಅವನು ಸಿಟ್ಟಿಗೆದ್ದ. "ನಮ್ಮ ಮನ್ಯಾಗ ಅಂಥಾದ್ದ ಇಲ್ರಿ. ಇನ್ನ ಎರಡ ಹುಡುಗ್ಯಾರ ಲಗ್ನ ಆಗಬೇಕದ."

ನಮ್ಮ ಲೆಕ್ಕಕ್ಕೆ ಎರಡು ಕಟ್ಟಳೆ. ಒಬ್ಬ ಮನುಷ್ಯನನ್ನು ಒಂದು ರೋಗಕ್ಕೆ ಒಂದೇ ಸಲ ಎಣಿಸಬೇಕು, ಮೊದಲು ಗೊತ್ತಾದ ವರ್ಷದಲ್ಲಿ. ಮತ್ತು ಆ ಮನುಷ್ಯ ನಮ್ಮ ಭಾಗದಲ್ಲಿ ಕನಿಷ್ಠ ಒಂದು ವರ್ಷ ವಾಸವಾಗಿರಬೇಕು. ಈ ಎರಡನೆಯದೇ ನನ್ನ ತಲೆನೋವು. ಸೋಲಾಪುರದ ದವಾಖಾನೆಗಳಿಗೆ ಗಡಿಯ ಆಚೆಯಿಂದ, ಇಂಡಿ, ಅಫಜಲಪುರ, ಆಳಂದಗಳಿಂದ ಜನ ಬರುತ್ತಾರೆ. ಬಂದವರು ಇಲ್ಲಿಯ ಅಕ್ಕನದೋ ಬೀಗರದೋ ವಿಳಾಸ ಕೊಡುತ್ತಾರೆ. ಅವರನ್ನು ಎಣಿಸಿದರೆ ನಮ್ಮ ಅಂಕಿ ಉಬ್ಬುತ್ತದೆ, ಬಿಟ್ಟರೆ ಅವರ ಕಡೆಯ ಪುಸ್ತಕದಲ್ಲೂ ಇರುವುದಿಲ್ಲ. ಅದಕ್ಕೇ ಪ್ರತಿ ಮನೆಯಲ್ಲೂ ನಾನು ಕೇಳುವ ಪ್ರಶ್ನೆ ಒಂದಿದೆ: ಈ ಊರಿಗೆ ಬಂದು ಎಷ್ಟು ವರ್ಷವಾಯಿತು? ಜಗಲಿಯ ಮೇಲೆ ನರಳುತ್ತ ಮಲಗಿದವರಿಗೆ ಇದನ್ನು ಕೇಳಬೇಕಾದರೆ ಮೊದಮೊದಲು ನಾಲಿಗೆ ಏಳುತ್ತಿರಲಿಲ್ಲ. ಈಗ ನಾಲಿಗೆ ನನ್ನನ್ನು ಕೇಳದೆಯೇ ಕೇಳುತ್ತದೆ.

ಇಷ್ಟು ವರ್ಷ ಈ ಕೆಲಸ ಮಾಡಿ ನಾನು ಕಲಿತದ್ದು ಕಡಿಮೆ, ಅಂಜಿದ್ದು ಹೆಚ್ಚು. ನಮ್ಮ ಕಡೆ ಗಂಡಸರಲ್ಲಿ ಬಾಯಿಯದು ಬಹಳ. ಹೆಂಗಸರಲ್ಲಿ ಮೊಲೆಯದು, ಗರ್ಭಕೋಶದ ಬಾಯಿಯದು ಬಹಳ. ಗಂಟಲು, ಅನ್ನನಾಳ ಆಮೇಲೆ. ಮಿದುಳು, ಎಲುಬು ಅಪರೂಪ. ಈ ಕ್ರಮವನ್ನು ನಾನು ನನ್ನ ಮೈಯ ಮೇಲೆ ಬಳಸುತ್ತೇನೆ. ತಲೆ ನೋವಾದರೆ ಅಪರೂಪದ್ದು, ಬಿಡು ಅನ್ನುತ್ತೇನೆ. ಬಾಯಲ್ಲಿ ಒಂದು ಗುಳ್ಳೆ ಎದ್ದರೆ ಕನ್ನಡಿಯ ಮುಂದೆ ಅರ್ಧ ಗಂಟೆ. ಹೊಟ್ಟೆಯ ಕೇಸು ನಾಲ್ಕು ಒಟ್ಟಿಗೆ ಸಿಕ್ಕ ತಿಂಗಳು ನನ್ನ ಹೊಟ್ಟೆಯೂ ಉರಿಯಿತು. ಕಚೇರಿಯ ಮ್ಯಾಡಮ್, ಅಂಕಿ ಕೂಡಿಸುವ ಹಿರಿಯ ಅಧಿಕಾರಿ, ಒಮ್ಮೆ ನಕ್ಕು ಹೇಳಿದ್ದರು: ಸಂಖ್ಯೆ ಜನಸಮೂಹದ್ದು, ಅದು ನಿಮ್ಮೊಬ್ಬರ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ಮಾತು ಅರ್ಥವಾಗಿತ್ತು. ಆದರೆ ಆ ಜನಸಮೂಹದಲ್ಲಿ ನಾನೂ ಇದ್ದೇನಲ್ಲ ಎಂದು ರಾತ್ರಿಯ ಊಟ ಬಿಟ್ಟೆ.

ನನ್ನ ಬಾಯನ್ನು ದಿನಾ ನೋಡಿಕೊಳ್ಳುವ ನಾನು ಅಕ್ಕನ ಬಾಯನ್ನು ನೋಡಲಿಲ್ಲ. ಹೇಳಬೇಕಾದ ಮಾತು ಇದು.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಅಕ್ಕಲಕೋಟ ತಾಲೂಕಿನ ಒಂದು ಸಣ್ಣ ಊರಿಗೆ ಅವಳನ್ನು ಕೊಟ್ಟಿದ್ದು. ಆ ಕಡೆಯ ಹಳ್ಳಿಗಳಿಗೆ ಕೆಲಸದ ಮೇಲೆ ಹೋದಾಗೆಲ್ಲ ನನ್ನ ಠಿಕಾಣಿ ಅವಳ ಮನೆಯೇ. ಅಲ್ಲಿಯ ಜಗಲಿಯೇ ನನ್ನ ಆಫೀಸು. ಓಣಿಯ ಹೆಂಗಸರು ಅಲ್ಲಿಗೇ ಬಂದು ಕೂರುತ್ತಿದ್ದರು; ನಾನು ಕಂಬಕ್ಕೆ ಒರಗಿ ಫಾರ್ಮು ತುಂಬುತ್ತಿದ್ದೆ; ಅಕ್ಕ ಚಹಾ ತಂದುಕೊಟ್ಟು ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಎಲ್ಲರೂ ಹೋದ ಮೇಲೆ ನನ್ನನ್ನು ಅಣಕಿಸುವುದು ಅವಳ ಆಟ. "ಏನ್ ಮೆತ್ತಗ ಮಾತಾಡ್ತೀಯೋ ತಮ್ಮಾ ಮಂದಿ ಕೂಡ! ಹೌದ್ರಿ, ಆತ್ರಿ, ಹೇಳ್ರಿ. ನನಗ ಒಂದಿನಾರ ಹಂಗ ಮಾತಾಡಸೀದೇನು?"

"ನಿನಗ್ಯಾಕ ಬೇಕವಾ ನನ್ನ ರೀ? ಅದು ಪೇಶಂಟ್ ಮಂದೀಗಿ."

"ಹಂಗಾರ ಬ್ಯಾಡಪಾ. ಏಕವಚನದಾಗ ಬೈಸಿಕೊಂಡ ಇರ್ತೀನಿ."

ಫಾರ್ಮಿನಲ್ಲಿ ತಂಬಾಕಿನ ಬಗ್ಗೆ ಎರಡು ಪ್ರಶ್ನೆಗಳಿದ್ದವು. ತಿನ್ನುತ್ತೀರಾ? ಸೇದುತ್ತೀರಾ? ನಾನು ಓದುತ್ತಿದ್ದೆ, ಅವರು ಉತ್ತರಿಸುತ್ತಿದ್ದರು.

"ತಂಬಾಕ ತಿಂತೀರೇನ್ರಿ?"

"ಇಲ್ರಿಪಾ."

"ಬೀಡಿ, ಸಿಗರೇಟು?"

"ಹೇ ಹೇ! ಗಂಡಸರ ಕೆಲಸ ಅದು. ಏನ್ ಕೇಳ್ತೀರಿ ನೀವು ಹೆಣಮಕ್ಕಳಿಗಿ!" ಎಂದು ಜಗಲಿಯೆಲ್ಲ ನಗು.

ಎರಡಕ್ಕೂ 'ಇಲ್ಲ' ಎಂದು ಗೆರೆ ಎಳೆದು ಮುಂದೆ ಹೋಗುತ್ತಿದ್ದೆ. ಹೀಗೆ ವರ್ಷಗಟ್ಟಲೆ. ಒಂದು ದಿನ ಹೀಗೆಯೇ 'ಇಲ್ಲ' ಎಂದ ಒಬ್ಬ ಮುದುಕಿ, ನಾನು ಬರೆಯುತ್ತಿದ್ದಂತೆಯೇ ಸೊಂಟದ ಸಂಚಿಯಿಂದ ಸಣ್ಣ ಡಬ್ಬಿ ತೆಗೆದು, ಕಪ್ಪು ಪುಡಿಯಲ್ಲಿ ಬೆರಳು ಅದ್ದಿ ವಸಡಿಗೆ ತಿಕ್ಕಿಕೊಂಡಳು. ಮಿಸ್ರಿ. ತಂಬಾಕಿನ ಎಲೆಯನ್ನು ಹೆಂಚಿನ ಮೇಲೆ ಕರ್ರಗಾಗುವಂತೆ ಹುರಿದು ಪುಡಿ ಮಾಡಿದ್ದು. ನಮ್ಮ ಕಡೆಯ ಹೆಂಗಸರು ಹಲ್ಲು ತಿಕ್ಕಲು ಶುರು ಮಾಡುತ್ತಾರೆ, ಆಮೇಲೆ ದಿನಕ್ಕೆ ಐದಾರು ಸಲ ಹಲ್ಲು ತಿಕ್ಕುತ್ತಲೇ ಇರುತ್ತಾರೆ.

"ಮತ್ತ ಇದೇನ್ರಿ ಆಯಿ? ಇದು ತಂಬಾಕಲ್ಲೇನು?"

"ಹೌದ್ರಿ, ತಂಬಾಕಿಂದ ಅದ."

"ಈಗರೆ ಇಲ್ಲಂದ್ರಿ?"

ಮುದುಕಿ ನನ್ನನ್ನು ಕನಿಕರದಿಂದ ನೋಡಿದಳು. "ತಿನ್ನಂಗಿಲ್ರಿ. ಹಚ್ಚತೀನ್ರಿ."

ಸುಳ್ಳಲ್ಲ ಅದು. ಪ್ರಶ್ನೆ ಕೇಳಿದ್ದಕ್ಕೆ ಸರಿಯಾದ ಉತ್ತರ. ತಿನ್ನುವುದಕ್ಕೆ ಒಂದು ಮನೆ ಇತ್ತು, ಸೇದುವುದಕ್ಕೆ ಒಂದು ಮನೆ ಇತ್ತು, ಹಚ್ಚುವುದಕ್ಕೆ ಫಾರ್ಮಿನಲ್ಲಿ ಮನೆಯೇ ಇರಲಿಲ್ಲ. ಫಾರ್ಮು ಮಾಡಿದವರಿಗೆ ಮಿಸ್ರಿ ಗೊತ್ತಿರಲಿಕ್ಕಿಲ್ಲ ಎಂದು ಬಿಡಬಹುದು. ನನಗೆ? ನಮ್ಮವ್ವ ಮಿಸ್ರಿ ಹಚ್ಚುತ್ತಿದ್ದಳು. ಚಿಕ್ಕಂದಿನಲ್ಲಿ ಹೆಂಚಿನ ಮುಂದೆ ಕೂತು, ಹೊಗೆಗೆ ಕೆಮ್ಮುತ್ತ, ಆ ಎಲೆ ಮಗುಚಿದವನು ನಾನೇ. ಮೂಗಿನಲ್ಲಿ ಆ ವಾಸನೆ ಇಟ್ಟುಕೊಂಡು ಇಷ್ಟು ವರ್ಷ ಎಲ್ಲ ಹೆಂಗಸರ ಮುಂದೆ 'ಇಲ್ಲ' ಎಂದು ಬರೆದೆ. ಮ್ಯಾಡಮ್ ಬಳಿ ಹೋಗಿ ಹೇಳಿದೆ. ಅವರು, ಮುಂದಿನ ಫಾರ್ಮುಗಳಲ್ಲಿ ಪಕ್ಕದಲ್ಲಿ ಬರೆಯಿರಿ, ಹಳೆಯವನ್ನು ಮುಟ್ಟಬೇಡಿ ಎಂದರು. ಹಳೆಯವರಲ್ಲಿ ಎಷ್ಟು ಜನ ಇನ್ನೂ ಇದ್ದಾರೆ, ಹೋಗಿ ಕೇಳಲಿಕ್ಕೆ?

ಇನ್ನೂ ಕೆಟ್ಟದ್ದು ಹೇಳುತ್ತೇನೆ. ಆಮೇಲೂ ನಾನು ಅಕ್ಕನಿಗೆ ಮಿಸ್ರಿ ಒಯ್ದುಕೊಟ್ಟೆ. ಅವಳಿಗೆ ಸೋಲಾಪುರದ ಒಂದು ಅಂಗಡಿಯ ಪುಡಿಯೇ ಬೇಕು, ಊರಿನದು ಘಾಟಿಲ್ಲ. ಫೋನು ಮಾಡಿದರೆ ಅವಳ ಕೊನೆಯ ಮಾತು, "ಬರೂಮುಂದ ಎರಡ ಪುಡಿಕಿ ತರೂದ ಮರೀಬ್ಯಾಡ." ಎರಡು ಸಲ ಬುದ್ಧಿ ಹೇಳಿದೆ. ಅವಳು ನಕ್ಕಳು. "ನಿನ್ನ ಮಾತ ಕೇಳಿದ್ರ ನೀರೂ ಕುಡಿಯೂದು ಬಿಡಬೇಕಾಗ್ತದ." ಎಲ್ಲದಕ್ಕೂ ಅಂಜುವವನ ಮಾತಿಗೆ ಬೆಲೆ ಇರುವುದಿಲ್ಲ. ನಿಜವಾಗಿ ಅಂಜಬೇಕಾದದ್ದು ಬಂದಾಗಲೂ ಅವನ ದನಿ ಅದೇ. ಹೀಗೆ ಒಂದೇ ಚೀಲದಲ್ಲಿ ಕ್ಯಾನ್ಸರಿನ ಫಾರ್ಮು, ಅದರ ಕೆಳಗೆ ಮಿಸ್ರಿಯ ಪುಡಿಕೆ ಇಟ್ಟುಕೊಂಡು ನಾನು ಬಸ್ಸು ಹತ್ತುತ್ತಿದ್ದೆ.

ಮೊದಲು ಗೊತ್ತಾಗಬೇಕಾಗಿದ್ದು ಊಟಕ್ಕೆ ಕೂತಾಗ. ಅಕ್ಕ ಕಡಕ ರೊಟ್ಟಿಯನ್ನು ಹಾಲಿನಲ್ಲಿ ನೆನೆಹಾಕಿದ್ದಳು. ಕಡಕ ರೊಟ್ಟಿಯನ್ನು ಕಟಕಟ ಮುರಿದು ಶೇಂಗಾ ಚಟ್ನಿಯಲ್ಲಿ ಒತ್ತಿ ತಿನ್ನುವವಳು. "ಚಟ್ನಿ ಬ್ಯಾಡೇನು?" ಎಂದೆ. "ಉರೀತದ. ಹಲ್ಲ ಸರಿ ಇಲ್ಲ," ಎಂದಳು. ಸರಿ ಎಂದು ಅವಳ ಪಾಲಿನ ಚಟ್ನಿಯನ್ನೂ ನಾನೇ ತಿಂದೆ. ಮುಂದಿನ ಸಲ ಹೋದಾಗಲೂ ಹಾಲು ರೊಟ್ಟಿ. ಅದರ ಮುಂದಿನ ಸಲ ಬರೀ ಹಾಲು. ಆ ದಿನ ಆಕಳಿಸುವಾಗ ಅವಳ ಬಾಯಿ ಅರ್ಧಕ್ಕೇ ನಿಂತಿತು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಹಗಲು ಬೆಳಕಿಗೆ ಕೂರಿಸಿ ಮೊಬೈಲಿನ ಟಾರ್ಚು ಹಿಡಿದೆ. ಎರಡು ಬೆರಳಿನಷ್ಟೂ ಬಾಯಿ ತೆರೆಯುತ್ತಿರಲಿಲ್ಲ. ಎಡಗೆನ್ನೆಯ ಒಳಗೆ, ಮಿಸ್ರಿಯ ಬೆರಳು ಹೋಗಿ ನಿಲ್ಲುವ ಜಾಗದಲ್ಲೇ, ಬಿಳಿಯ ಮಚ್ಚೆ, ಅದರ ನಡುವೆ ಕೆಂಪು ಹುಣ್ಣು.

"ಏನದ?" ಎಂದಳು.

"ಹಲ್ಲಿಂದು ಹುಣ್ಣು," ಎಂದೆ. ಸುಳ್ಳು ಶುರುವಾಗಿದ್ದು ಅಲ್ಲಿಂದ.

ಸುಳ್ಳು ಹೇಳಲು ಕಾರಣವಿತ್ತು. ಎರಡು ವರ್ಷದ ಹಿಂದೆ ಅವಳ ಓಣಿಯ ಒಬ್ಬಳಿಗೆ ಗರ್ಭಕೋಶದ್ದು ಆಗಿತ್ತು. ಹೆಸರು ಕೇಳಿದ್ದೇ ದವಾಖಾನೆಯಿಂದ ಎದ್ದು ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು, ಮತ್ತೆ ಈ ಕಡೆ ತಿರುಗಲಿಲ್ಲ. ಅವಳ ಫಾರ್ಮು ತುಂಬಿದ್ದೂ ಅಕ್ಕನ ಜಗಲಿಯ ಮೇಲೆಯೇ, ಅವಳ ಸೊಸೆಯನ್ನು ಕೇಳಿ. ಅಂದು ಅಕ್ಕ ನನಗೆ ಹೇಳಿದ್ದಳು: "ಹೆಸರ ಕೇಳೇ ಸತ್ತಳು ನೋಡು ಅಕಿ. ನನಗೇನರ ಆದ್ರ ಹೇಳಬ್ಯಾಡ ಮತ್ತ. ಔಷಧ ಕೊಡಸು, ಕೊಯ್ಯಸು, ಸುಡಸು, ಒಲ್ಲೆ ಅನ್ನಂಗಿಲ್ಲ. ಹೆಸರ ಕಿವಿಗಿ ಬಿತ್ತಂದ್ರ ಮಾತ್ರ ಅಲ್ಲೇ ಎದ್ದ ಮನಿಗಿ ಬರ್ತೀನಿ. ಹರಿಬ್ರಹ್ಮ ಬಂದ್ರೂ ತಿರುಗಿ ಹೋಗಂಗಿಲ್ಲ." ಅಕ್ಕ ಹಟ ಹಿಡಿದರೆ ಹೇಗೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ತವರಿನಲ್ಲಿ ಯಾರೋ ಒಂದು ಮಾತಂದರೆಂದು ಹನ್ನೊಂದು ವರ್ಷ ಆ ಹೊಸ್ತಿಲು ತುಳಿಯದವಳು ಅವಳು.

ಹಾಗಾಗಿ ಒಪ್ಪಂದ ಸ್ಪಷ್ಟ. ಅವಳಿಗೆ ಗೊತ್ತಾಗದಿದ್ದರೆ ಚಿಕಿತ್ಸೆ ಆಗುತ್ತದೆ. ಗೊತ್ತಾದರೆ ಇಲ್ಲ.

ಅಕ್ಕ ಈಗಿಲ್ಲ. ಅವಳ ಫಾರ್ಮಿನಲ್ಲಿ ಚಿಕಿತ್ಸೆಯ ಸಾಲಿನ ಮುಂದೆ 'ತೆಗೆದುಕೊಂಡಿಲ್ಲ' ಎಂದಿದೆ. ನಮ್ಮ ಕೆಲಸದಲ್ಲಿ ಆ ಸಾಲಿಗೆ ಕಾರಣ ಕೇಳುವುದಿಲ್ಲ, ಬರೆಯಲು ಜಾಗವೂ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಆ ವರ್ಷದ ನಮ್ಮ ಲೆಕ್ಕದ ಪುಸ್ತಕ ಇನ್ನೂ ಅಚ್ಚಾಗಿಲ್ಲ. ಎಣಿಸುವುದು, ತಾಳೆ ನೋಡುವುದು ಮುಗಿಯುವ ಹೊತ್ತಿಗೆ ಪುಸ್ತಕದಲ್ಲಿದ್ದವರಲ್ಲಿ ಬಹಳ ಜನ ಇರುವುದಿಲ್ಲ. ಅಚ್ಚಾದಾಗ ಹೆಂಗಸರ ಪಟ್ಟಿಯಲ್ಲಿ ಬಾಯಿಯ ಸಾಲಿನ ಅಂಕಿಯೊಳಗೆ ಅವಳೂ ಒಂದು ಇರುತ್ತಾಳೆ. ಆ ಅಂಕಿಯಿಂದ ಅವಳನ್ನು ತೆಗೆದರೆ ಲಕ್ಷಕ್ಕೆ ಇಷ್ಟು ಎಂಬ ದರದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ನಾನು ಲೆಕ್ಕ ಹಾಕಿ ನೋಡಿದ್ದೇನೆ.

ಆ ಗುರುವಾರಕ್ಕೆ ಬರುತ್ತೇನೆ. ಅದಕ್ಕೂ ಹತ್ತು ದಿನ ಮೊದಲು ಸೋಲಾಪುರದ ಒಂದು ದೊಡ್ಡ ದವಾಖಾನೆಯ ಹಲ್ಲಿನ ವಿಭಾಗದಲ್ಲಿ ಅಕ್ಕನ ಕೆನ್ನೆಯ ಚೂರು ತೆಗೆದು ತಪಾಸಣೆಗೆ ಕಳಿಸಿದ್ದರು. ಹಲ್ಲಿನ ವಿಭಾಗವಾದ್ದರಿಂದ ಅವಳಿಗೆ ಸಂಶಯ ಬರಲಿಲ್ಲ. ಅಂದು ರಿಪೋರ್ಟಿನ ದಿನ.

ನಾನು ಹಿಂದಿನ ದಿನವೇ ಹೋಗಿ ಅವಳ ಮನೆಯಲ್ಲಿ ಉಳಿದಿದ್ದೆ. ಎಮ್ಮೆ ಸಂಜೆಯೇ ಈದಿತ್ತು; ಹೆಣ್ಣುಗರು, ತಾಯಿ ಮಗಳು ಇಬ್ಬರೂ ಗಟ್ಟಿ. ಅದನ್ನು ನೋಡಿಕೊಳ್ಳಲು ದಾಜಿ ಮನೆಯಲ್ಲೇ ಉಳಿದರು. ಬಸ್ಸು ಹೇಳಿದ ಹೊತ್ತಿಗೆ ಬಂತು. ನನ್ನ ಚೀಲದಲ್ಲಿ ಎರಡು ಬಾಟಲಿ ನೀರು, ಉಪ್ಪು ಸಕ್ಕರೆ, ಬಿಪಿ ಗುಳಿಗೆ, ಎಲ್ಲ ಕಾಗದಗಳ ನಾಲ್ಕು ನಾಲ್ಕು ಝೆರಾಕ್ಸ್, ಒಂದು ಟವೆಲ್ಲು, ಒಂದು ಚಾದರ. ಅಕ್ಕ ಅದನ್ನು ಎತ್ತಿ ನೋಡಿದಳು.

"ಹಲ್ಲ ತೋರಸಾಕ ಹೊಂಟೀವೋ, ಕಾಶೀಗಿ ಹೊಂಟೀವೋ?"

"ಇರಲಿ ಬಿಡವಾ. ಬೇಕಾಗ್ತದ."

"ಚಾದರ ಯಾಕೋ? ಯಾರಿಗಿ ಹೊಚ್ಚಾವ?"

ನಾನು ಕಿಟಕಿಯ ಆಚೆ ನೋಡಿದೆ. ಜೋಳದ ಹೊಲಗಳು ಕಟಾವಾಗಿ ಬರೀ ಕೂಳೆ ಉಳಿದಿತ್ತು. ಅಕ್ಕ ನನ್ನ ಮೊಣಕೈಗೆ ತಿವಿದು, ಅರ್ಧ ತೆರೆದ ಬಾಯಿಯಲ್ಲೇ ನಕ್ಕಳು. ನಗುವಾಗ ನೋವಾಯಿತೆಂದು ಕಾಣುತ್ತದೆ, ಸೆರಗು ಒತ್ತಿ ಹಿಡಿದಳು.

ಅಕ್ಕಲಕೋಟದಲ್ಲಿ ಜನ ಕಿಕ್ಕಿರಿದಿದ್ದರು. ಆದರೆ ನಮ್ಮ ಕಂಡಕ್ಟರನೇ ಇಳಿದು ಬಂದು ಸೋಲಾಪುರದ ಬಸ್ಸಿನವನಿಗೆ ಹೇಳಿ ಮುಂದಿನ ಸೀಟು ಕೊಡಿಸಿದ. ದಾರಿಯಲ್ಲಿ ಏನೂ ಆಗಲಿಲ್ಲ. ಯಾರಿಗೂ ತಲೆ ಸುತ್ತಲಿಲ್ಲ. ದವಾಖಾನೆಯಲ್ಲಿ ಹೆಸರುಗಳು ತಾಳೆಯಾದವು. ವರಾಂಡದಲ್ಲಿ ಪರಿಚಯದವರು ಯಾರೂ ಸಿಗಲಿಲ್ಲ. ಡಾಕ್ಟರು ಇದ್ದರು, ರಿಪೋರ್ಟು ಬಂದಿತ್ತು, ಅದು ಅಕ್ಕನದೇ ಆಗಿತ್ತು. ಹೀಗೆ ಒಂದೊಂದಾಗಿ ಎಲ್ಲ ಸುಸೂತ್ರವಾಗುತ್ತ ಹೋದಂತೆ ನನ್ನ ಹೆದರಿಕೆ ಹೆಚ್ಚುತ್ತ ಹೋಯಿತು.

ಡಾಕ್ಟರು ಕಲಬುರಗಿ ಕಡೆಯವರು, ಕನ್ನಡ ಬಲ್ಲವರು. ಹಿಂದಿನ ಸಲವೇ ಅವರಿಗೆ ಒಪ್ಪಂದದ ವಿಷಯ ಹೇಳಿಟ್ಟಿದ್ದೆ. ಅಕ್ಕನನ್ನು ತೂಕ ನೋಡಲೆಂದು ನರ್ಸಿನ ಜೊತೆ ಹೊರಗೆ ಕಳಿಸಿ, ನನ್ನ ಮುಂದೆ ರಿಪೋರ್ಟು ಸರಿಸಿದರು. ನಾನು ಅಂಥ ಕಾಗದ ಎಷ್ಟು ಓದಿಲ್ಲ! ಕಣ್ಣು ತಾನಾಗಿಯೇ ಕೊನೆಯ ಸಾಲಿಗೆ ಹೋಯಿತು. ಆ ಸಾಲನ್ನು ಹೇಗೆ ನಮ್ಮ ಫಾರ್ಮಿನ ಸಂಕೇತಕ್ಕೆ ಇಳಿಸಬೇಕು ಎಂಬುದೂ ತಲೆಯಲ್ಲಿ ತಾನಾಗಿಯೇ ಬಂತು. ಅಳು ಬರಲಿಲ್ಲ. ಬಂದಿದ್ದರೆ ನನ್ನ ಬಗ್ಗೆ ನನಗೇ ಸ್ವಲ್ಪ ಗೌರವ ಉಳಿಯುತ್ತಿತ್ತು.

"ದವಡಿ ಎಲುಬಿಗಿ ಇನ್ನಾ ಹೋಗಿಲ್ಲ," ಎಂದರು ಡಾಕ್ಟರು. "ಕೊರಳಾಗ ಗಂಟೂ ಸಿಗವಲ್ದು. ಆಪರೇಶನ್ ಮಾಡಿ, ಆಮ್ಯಾಲ ರೇಡಿಯೇಶನ್ ಕರೆಂಟ್ ಕೊಟ್ರ ಆಗ್ತದ್ರಿ. ಮುಂದಿನ ಸೋಮವಾರ ಕರಕೊಂಡ ಬರ್ರಿ, ಅಡ್ಮಿಟ್ ಮಾಡಕೋತೀನಿ. ತಡಾ ಮಾತ್ರ ಮಾಡಬ್ಯಾಡ್ರಿ."

ಆಗ್ತದ್ರಿ. ಇಷ್ಟು ವರ್ಷಗಳಲ್ಲಿ ನಾನು ಬರೆದ ಬಾಯಿಯ ಕೇಸುಗಳಲ್ಲಿ ಈ ಮಾತು ಕೇಳಿಸಿಕೊಂಡವರು ಎಷ್ಟು ಜನ ಇದ್ದಾರು? ಹೆಚ್ಚಿನವರು ಬರುವುದೇ ಎಲ್ಲ ಮುಗಿದ ಮೇಲೆ.

ಅಕ್ಕ ಒಳಗೆ ಬಂದಳು. ಡಾಕ್ಟರು ಅವಳಿಗೆ, "ಅವ್ವಾ, ಹುಣ್ಣ ಜರಾ ಆಳ ಅದ. ತಗದ ಹಾಕೂಣು. ಒಂದ ಹದಿನೈದು ದಿನ ಇಲ್ಲೇ ಇರಬೇಕಾಗ್ತದ," ಎಂದರು.

"ಹಲ್ಲ ಎಲ್ಲಾ ಕೀಳ್ತೀರೇನ್ರಿ?"

"ಒಂದ ನಾಕೈದು ಹೋಗಬಹುದು."

"ಹೋಗ್ಲಿ ಬಿಡ್ರಿ. ರೊಟ್ಟಿ ತಿನ್ನಾಕ ಬಂದ್ರ ಸಾಕು." ಹೊರಗೆ ಬಂದವಳು ನನಗೆ ಹೇಳಿದಳು, "ನೀ ಸುಮ್ಮ ಸುಮ್ಮನ ಮಾರಿ ಸಣ್ಣ ಮಾಡಿದ್ದಿ ನೋಡು. ಹಲ್ಲ ಕೀಳಾಕ ಇಷ್ಟ ಅಂಜತಾರೇನು? ಗಿಣ್ಣ ಮಾಡತೀನಿ, ಸೋಮವಾರ ಬರೂಮುಂದ ನಿಮ್ಮ ಮನೀಗಿ ತರ್ತೀನಿ."

ಬೆಂಚಿನ ಮೇಲೆ ಅವಳನ್ನು ಕೂರಿಸಿ, ಅಡ್ಮಿಟ್ ದಿನ ಬರೆಸಲು ರೆಕಾರ್ಡಿನ ಖಿಡಕಿಗೆ ಹೋದೆ. ಅಲ್ಲಿಯ ಗುಮಾಸ್ತ ನನ್ನ ಹಳೆಯ ಪರಿಚಯ. ಅವನ ರಿಜಿಸ್ಟರಿನಿಂದಲೇ ನಾನು ಹೆಸರು ಇಳಿಸಿಕೊಳ್ಳುವುದು. ನಾನು ಬೆರಳು ತುಟಿಗೆ ಇಟ್ಟು ಕಣ್ಣಲ್ಲೇ ಬೇಡಿಕೊಂಡೆ. ಅವನು ಜಾಣ. ಒಂದು ಮಾತೂ ಆಡದೆ, ಅಕ್ಕನ ಕಡೆ ನೋಡದೆ, ದವಾಖಾನೆಯ ಕಾಗದದ ಜೊತೆ ನಮ್ಮ ಫಾರ್ಮನ್ನೂ ಸರಿಸಿ, "ತುಮ್ಹೀಚ ಭರಾ, ದಾದಾ," ಎಂದ. ನೀವೇ ತುಂಬಿರಿ ಎಂದು.

ಖುಷಿಯಾಯಿತು. ಅವನ ಮೇಲೆ ಪ್ರೀತಿ ಬಂತು. ಪಟ್ಟಿಯಲ್ಲಿದ್ದ ಎಲ್ಲ ಗಂಡಾಂತರವನ್ನೂ ದಾಟಿದ್ದೆವು. ಅಕ್ಕನ ಪಕ್ಕ ಬಂದು ಕೂತು, ಚೀಲವನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಕಾಗದ ಹರಡಿದೆ. ಅವಳಿಗೆ ಮರಾಠಿ ಅಕ್ಷರ ಬರುವುದಿಲ್ಲ, ಅಂಜುವ ಕಾರಣವಿಲ್ಲ. ಅವಳು ವರಾಂಡದ ಆಚೆ ಯಾರದೋ ಕೂಸು ಅಳುವುದನ್ನು ನೋಡುತ್ತಿದ್ದಳು. ಹೆಸರು ಬರೆದೆ. ಗಂಡನ ಹೆಸರು. ವಯಸ್ಸು. ಊರು, ತಾಲೂಕು. ನನಗೆ ಗೊತ್ತಿಲ್ಲದ್ದು ಅದರಲ್ಲಿ ಏನೂ ಇರಲಿಲ್ಲ, ಕೇಳುವ ಅಗತ್ಯವೇ ಇರಲಿಲ್ಲ. ಮುಂದಿನ ಸಾಲಿಗೆ ಪೆನ್ನು ಬಂತು. ತಲೆ ಎತ್ತದೆ, ಮೆತ್ತಗಿನ ದನಿಯಲ್ಲಿ, ಯಾವ ಊರಿನ ಯಾವ ಜಗಲಿಯ ಮೇಲಾದರೂ ಕೇಳುವ ಹಾಗೆಯೇ ಕೇಳಿದೆ:

"ಈ ಊರಿಗಿ ಬಂದು ಎಷ್ಟ ವರ್ಷ ಆತ್ರಿ?"

ತಪ್ಪಿದ್ದು ಇಷ್ಟೇ, ಒಂದು ರಿ. ಬಾಯಿಂದ ಹೊರಗೆ ಬಿದ್ದ ಮೇಲೆ ಅದು ನನಗೂ ಕೇಳಿಸಿತು. ಪೆನ್ನು ಹಿಡಿದ ಹಾಗೇ ತಲೆ ಎತ್ತಿದೆ. ಅಕ್ಕ ಕೂಸನ್ನು ನೋಡುವುದು ಬಿಟ್ಟು ನನ್ನನ್ನು ನೋಡುತ್ತಿದ್ದಳು. ಆಮೇಲೆ ಕಾಗದವನ್ನು ನೋಡಿದಳು. ಓದಲು ಬರದಿದ್ದರೂ ಅದರ ಮನೆಗಳು, ಗೆರೆಗಳು ಅವಳು ಕಾಣದವಲ್ಲ. ಸೆರಗು ಸರಿಮಾಡಿಕೊಂಡು, ಓಣಿಯ ಹೆಂಗಸರು ನನ್ನ ಮುಂದೆ ಕೂರುವ ಹಾಗೆ ನೆಟ್ಟಗೆ ಕೂತಳು.

"ಮೂವತ್ತೆಂಟ ವರ್ಷ ಆತ್ರಿ," ಎಂದಳು.

"ಅಕ್ಕಾ..." ಎಂದೆ.

ಅವಳು ನನ್ನ ತೊಡೆಯ ಮೇಲಿದ್ದ ಚೀಲವನ್ನು ಕಾಗದದ ಕೆಳಗಿನಿಂದ ಎಳೆದುಕೊಂಡು, ಬಾಯಿ ಬಿಗಿದು ಗಂಟು ಹಾಕಿ, ಎದ್ದು ನಿಂತಳು.

"ಅಕ್ಕಲಕೋಟದ ಬಸ್ಸ ಎಷ್ಟಕ್ಕ ಅದ್ರಿ?"